ಹೊಸ ಪಾತ್ರೆಗಳ ಪೂಜೆ

ಕೆ.ಆರ್. ಪುರಂನ ಆ ಸಣ್ಣ ಕಾರ್ಖಾನೆಗೆ ನಾನು ಕೆಮಿಸ್ಟ್ ಆಗಿ ಸೇರಿದ್ದು ಗಂಡ ತೀರಿಕೊಂಡ ಮರುವರ್ಷ. ಅರಿಶಿನದ ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಕಾಯಿಸಿದರೆ ಆಲ್ಕೋಹಾಲು ಆವಿಯಾಗಿ ಹೋಗಿ ಅಂಟಂಟು ಸಾರ ಉಳಿಯುತ್ತದೆ. ಅದರಿಂದ ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಬೇರ್ಪಡಿಸಿ ಮಾತ್ರೆ ಮಾಡುವವರಿಗೆ ಮಾರುತ್ತಿದ್ದೆವು. ಅಷ್ಟೊಂದು ಆಲ್ಕೋಹಾಲು ಕಾಯಿಸುವ ಖರ್ಚಿನಲ್ಲೇ ಮಾಲೀಕ ಸೋತುಹೋಗಿದ್ದ.

ಒಂದು ಡ್ರಮ್ಮಿನಿಂದ ಬಂದ ತೆಳು ರಸವನ್ನು ಕೂಡಲೇ ಕಾಯಿಸದೆ ಮುಂದಿನ ಡ್ರಮ್ಮಿನ ಹೊಸ ಪುಡಿಗೆ ಸುರಿಯೋಣ, ಗಾಢವಾದ ಮೇಲೆ ಕಾಯಿಸೋಣ ಎಂದೆ. ತಿಂಗಳುಗಟ್ಟಲೆ ಮಾಡಿ ನೋಡಿದೆವು. ಇಳುವರಿ ತಗ್ಗಲಿಲ್ಲ, ಖರ್ಚು ಇಳಿಯಿತು. ಮಾಲೀಕ ಖುಷಿಯಿಂದ ಅದಕ್ಕೆಂದೇ ಸ್ಟೀಲಿನ ಹೊಸ ಪಾತ್ರೆಗಳನ್ನು ಮಾಡಿಸಿದ.

ಪೂಜೆಗೆ ಇಂದಿರಾನಗರದಿಂದ ಅವನ ತಾಯಿ ಬಂದರು. ಪಾತ್ರೆಗಳಿಗೆ ಹಚ್ಚಲು ನಾನು ಬಟ್ಟಲಲ್ಲಿ ಅರಿಶಿನ ಕಲಸುತ್ತಿದ್ದೆ. ಪಕ್ಕದಲ್ಲಿ ನಿಂತು ಅಕ್ಕರೆಯಿಂದಲೇ ವಿಚಾರಿಸಿಕೊಂಡರು. ಯಜಮಾನರು ಏನು ಮಾಡುತ್ತಾರೆಂದು ಕೇಳಿದಾಗ, ಇಲ್ಲ, ಹೋಗಿಬಿಟ್ಟರು ಎಂದೆ. ಅವರು ಮೆಲ್ಲಗೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಕಲಸಿದ್ದನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರು.

"ಬೇಜಾರ್ ಮಾಡ್ಕೋಬೇಡಮ್ಮ. ಶುಭಕಾರ್ಯ ನೋಡು."

ಮಾಲೀಕ ಮೊಬೈಲಿನಿಂದ ತಲೆ ಎತ್ತಲಿಲ್ಲ. ಪೂಜೆ ಮುಗಿಯುವ ತನಕ ಲ್ಯಾಬಿನಲ್ಲಿ ಇರಿ ಎಂದಷ್ಟೇ ಹೇಳಿದ. ದಿನವೂ ನನ್ನ ಡಬ್ಬಿಯಿಂದ ಪಲ್ಯ ಹಾಕಿಸಿಕೊಳ್ಳುತ್ತಿದ್ದ ಪ್ಯಾಕಿಂಗಿನ ಹೆಂಗಸನ್ನು ಕರೆದು ಹೊಸದಾಗಿ ಅರಿಶಿನ ಕಲಸಿಸಿದರು. ಗಾಜಿನಾಚೆ ಅವಳು ಒಂದೊಂದೇ ಪಾತ್ರೆಗೆ ಹಚ್ಚುವುದನ್ನು ನೋಡುತ್ತ ಕೂತೆ. ಮಂಗಳಾರತಿಯಾದ ಮೇಲೆ ಯಂತ್ರ ಶುರುಮಾಡಲು ನನ್ನನ್ನೇ ಕರೆದರು. ಹೋಗಿ ಶುರುಮಾಡಿದೆ.

ಕೆಲವು ವಾರಗಳಲ್ಲಿ ಪಂಪಿನ ಸೀಲು ಸೋರಿ ಒಂದಿಡೀ ಪಾತ್ರೆಯ ರಸ ನೆಲದ ಪಾಲಾಯಿತು. ಮಾರನೆಯ ದಿನ ಮಾಲೀಕ ನನ್ನನ್ನು ಕೂರಿಸಿಕೊಂಡು, ಸೀಲು ಕಳಪೆಯದೆಂದು ತಾನೇ ಒಪ್ಪಿಕೊಂಡ. ಆಮೇಲೆ, "ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಮೇಡಂ. ಆದ್ರೆ ನಿಮ್ಮ ಕೈಯಿಂದ ಶುರುವಾಗಿದ್ದಕ್ಕೇ ಹೀಗಾಯ್ತು ಅಂತ ಅಮ್ಮ ಊಟಾನೇ ಬಿಟ್ಟಿದ್ದಾರೆ," ಎಂದ. ನನ್ನ ಜಾಗಕ್ಕೆ ಬರುವವನಿಗೆ ಕೆಲಸ ಕಲಿಸಿಕೊಟ್ಟು ಹೊರಡಬೇಕಿತ್ತು.

ಸಿಟ್ಟಿಗೆ ಅರ್ಧಂಬರ್ಧ ಕಲಿಸಿ ಹೋಗಿಬಿಡೋಣವೆನಿಸಿತು. ಆದರೆ ಆಲ್ಕೋಹಾಲಿನ ಆವಿಗೆ ಒಂದು ಕಿಡಿ ತಗುಲಿದರೆ ಸುಡುವುದು ಪಾತ್ರೆಯ ಬಳಿ ನಿಂತವರನ್ನು, ಇಂದಿರಾನಗರದಲ್ಲಿ ಕೂತವರನ್ನಲ್ಲ. ಎಲ್ಲವನ್ನೂ ಹೇಳಿಕೊಟ್ಟೆ.

ಕೊನೆಯ ದಿನ ಮಾಲೀಕ ಗೇಟಿನವರೆಗೂ ಬಂದ. ಏನಾದರೂ ಸಮಾಧಾನ ಹೇಳಬಹುದೆಂದುಕೊಂಡೆ.

"ಏನೂ ಮುಚ್ಚಿಟ್ಕೊಂಡಿಲ್ಲ ತಾನೇ ಮೇಡಂ?"

ಇಲ್ಲ ಎಂದೆ. ನಂಬಲಿಲ್ಲವೇನೋ, ನನ್ನ ಬ್ಯಾಗು ನೋಡುವಂತೆ ಸೆಕ್ಯುರಿಟಿಯವನಿಗೆ ಸನ್ನೆ ಮಾಡಿದ. ಅವನು ಊಟದ ಡಬ್ಬಿಯನ್ನೂ ತೆರೆದು ನೋಡಿ ಮುಚ್ಚಿ ಕೊಟ್ಟ. ಬಾಣಸವಾಡಿಯ ಬಸ್ಸು ಹತ್ತಿದೆ.