ಎದುರುಮನೆಯವನ ಹಗುರ ಚಕ್ರ

ಆಯುಧಪೂಜೆಗೆಂದು ಹಿತ್ತಾಳೆಯ ದೀಪದ ಕಂಬ ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದೆ. ಉಪ್ಪು ಬೆರೆಸಿದ ಕೂಡಲೇ ಆ ಹುಳಿ ವಾಸನೆ ಮೂಗಿಗೆ ಬಂತು, ಜೊತೆಗೆ ಎದುರುಮನೆಯವನೂ ನೆನಪಾದ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಪರದೇಶದ ಈ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ನನ್ನ ಮಗಳ ಮನೆಯ ಎದುರು ಬಾಗಿಲು ಅವನದು. ಮೈಸೂರಿನವನು. ಹಳೆಯ ಮಡಚುವ ಫೋನುಗಳ ಕಾಲ ಅದು. ಅವನಿಗೆ ಸೈಕಲ್ ಹುಚ್ಚು, ಚಕ್ರವನ್ನೂ ತಾನೇ ಕಟ್ಟುತ್ತಿದ್ದ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುತ್ತದಲ್ಲ, ಬಟಾಣಿಗಿಂತ ಚಿಕ್ಕ ನಿಪ್ಪಲ್, ಅದನ್ನು ಉಳಿದವರು ಹಿತ್ತಾಳೆಯದು ಹಾಕಿದರೆ ಇವನಿಗೆ ಅಲ್ಯೂಮಿನಿಯಮ್ಮೇ ಆಗಬೇಕು. ಮೇಲೆ ಚಿನ್ನದ ಬಣ್ಣ ಬೇರೆ.

“ಹಗುರ ಆಂಟಿ. ಎರಡು ಚಕ್ರಕ್ಕೆ ಒಂದು ಹಿಡಿ ಕಡಲೆಕಾಯಿಯಷ್ಟು ತೂಕ ಇಳಿಯತ್ತೆ.”

“ಆ ಒಂದು ಹಿಡಿನ ಈಗ ತಾನೆ ನಮ್ಮನೇಲಿ ತಿಂದ್ಯಲ್ಲೋ.”

ನಕ್ಕ. ಬೈದರೆ ನಗುವವರನ್ನು ಏನು ಮಾಡುವುದು...

ಶನಿವಾರ ತನ್ನ ಪುಟ್ಟ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಲೈಬ್ರರಿಗೆ ಕರೆದೊಯ್ಯುತ್ತಿದ್ದ. ವಾರವೆಲ್ಲ ಆಫೀಸಿನಲ್ಲೇ ಬಿದ್ದಿರುವವನಿಗೆ ಮಗಳು ಸಿಗುತ್ತಿದ್ದದ್ದು ಆ ಸವಾರಿಯಲ್ಲಿ ಮಾತ್ರ. ಮಗುವೂ ಬೆಳಗ್ಗೆಯೇ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿತ್ತು.

ಒಂದು ಆಯುಧಪೂಜೆಯ ದಿನ ಹುಣಸೆಹುಳಿಗೆ ಉಪ್ಪು ಕಲಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಆ ನಿಪ್ಪಲ್‌ಗಳನ್ನು ತಿಕ್ಕುತ್ತಿದ್ದ. ಪಕ್ಕದಲ್ಲಿ ಕುಂಕುಮ, ನಿಂಬೆಹಣ್ಣು.

“ಅದೇನು ಹಿತ್ತಾಳೆನೇನೋ? ಅಲ್ಯೂಮಿನಿಯಂ ಪಾತ್ರೇಲಿ ಹುಳಿ ಇಟ್ರೆ ತೂತು ಬೀಳಲ್ವಾ?”

“ನಮ್ಮಮ್ಮ ಪೂಜೆ ಸಾಮಾನೆಲ್ಲ ಹೀಗೇ ತಿಕ್ತಿದ್ರು ಆಂಟಿ. ಫಳಫಳ ಅನ್ನತ್ತೆ ನೋಡಿ.”

ಒಂದು ಚೊಂಬು ನೀರು ಸುರಿದ, ಮುಗಿಯಿತು. ಉಪ್ಪು ರಿಮ್ಮಿನ ತೂತುಗಳಲ್ಲಿ ಹಾಗೇ ಕೂತಿತು. ಮೇಲೆ ಇಲ್ಲಿಯ ಜಿನುಗು ಮಳೆ... ನಿಪ್ಪಲ್‌ಗಳ ಬುಡದಲ್ಲಿ ಬಿಳಿ ಪುಡಿ ಕಂಡಾಗಲೂ, ಲೋಹ ಸವೆಯುತ್ತಿದೆ ನೋಡೋ ಎಂದು ಹೇಳಿದೆ. ಕೇಳಿದನೇ?

ಚಳಿಗಾಲ ಮುಗಿಯುವ ಹೊತ್ತಿಗೆ, ಲೈಬ್ರರಿಯ ದಾರಿಯಲ್ಲಿ, ಹಿಂದಿನ ಚಕ್ರದ ನಿಪ್ಪಲ್‌ಗಳ ತಲೆ ಒಂದರ ಹಿಂದೊಂದು ಹಾರಿದವು. ಚಕ್ರ ಸೊಟ್ಟಗಾಗಿ ಬ್ರೇಕಿಗೆ ಸಿಕ್ಕಿಕೊಂಡಿತು, ಇಬ್ಬರೂ ಬಿದ್ದರು. ಮಗುವಿನ ಮೊಣಕೈ ತರಚಿತ್ತು, ಪುಣ್ಯಕ್ಕೆ ಅಷ್ಟೇ. ಒಂದು ಹೆಗಲಲ್ಲಿ ಮಗು, ಇನ್ನೊಂದರಲ್ಲಿ ಸೈಕಲ್ಲು ಹೊತ್ತು ಬಂದ. ಹಗುರದ ಸೈಕಲ್ಲಂತೆ! ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಟವೆಲ್ ತರಲು ಒಳಗೆ ಹೋದೆ.

ಆಮೇಲೆ ದಪ್ಪ ಕಡ್ಡಿ, ಹಿತ್ತಾಳೆಯ ನಿಪ್ಪಲ್ ಹಾಕಿ ಹೊಸ ಚಕ್ರ ಕಟ್ಟಿದ. ಮಗಳನ್ನು ಕರೆದ.

“ನೋ ಅಪ್ಪ. ಇಟ್ ಬ್ರೇಕ್ಸ್.”

“ಎದುರುಮನೆ ಅಜ್ಜಿ ಹತ್ತಿದ್ರೂ ಮುರಿಯಲ್ಲ ಪುಟ್ಟಿ,” ಎಂದು ನನ್ನ ತೂಕವನ್ನೇ ಸಾಕ್ಷಿಗೆಳೆದ, ಮಾನಗೆಟ್ಟವನು. ಮಗು ಜಗ್ಗಲಿಲ್ಲ. ಪ್ರತಿ ಶನಿವಾರ ಕೇಳುತ್ತಿದ್ದ. ಅದು ಮತ್ತೆ ಹತ್ತಲೇ ಇಲ್ಲ.

ಕೆಲಸ ಹೋಗಿ ಮೈಸೂರಿಗೆ ಹೊರಟಾಗ ಸೈಕಲ್ಲನ್ನು ನಮ್ಮ ಬಾಲ್ಕನಿಯಲ್ಲಿ ಬಿಟ್ಟ. “ಮತ್ತೆ ಬಂದಾಗ ತಗೊಂಡ್ಹೋಗ್ತೀನಿ ಆಂಟಿ.” ಬರಲಿಲ್ಲ. ಹೋದ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡನೆಂದು ನನ್ನ ಮಗಳಿಗೆ ಯಾರೋ ಹೇಳಿದರು. ಸಾಯುವ ವಯಸ್ಸೇ ಅದು?

ಹುಣಸೆಯ ಕೈಯಲ್ಲೇ ಬಾಲ್ಕನಿಗೆ ಹೋಗಿ ಚಕ್ರ ತಿರುಗಿಸಿದೆ. ನಿಪ್ಪಲ್‌ಗಳ ಮೇಲಿನ ನಿಕ್ಕಲ್ ಲೇಪ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಚಕ್ರ ಕೂದಲೆಳೆಯಷ್ಟೂ ಓಲಾಡಲಿಲ್ಲ. ಹಿಂದಿನ ಪುಟ್ಟ ಸೀಟನ್ನು ಅವನು ಬಿಚ್ಚಿಯೇ ಇರಲಿಲ್ಲ.

“ಮೊದಲೇ ಇದನ್ನ ಕಟ್ಟೋಕೆ ಏನಾಗಿತ್ತೋ ನಿಂಗೆ?” ಎಂದು ಬೈದೆ. ನಗುವವನಿರಲಿಲ್ಲ.