ಮುಚ್ಚಿದ ಬಾಗಿಲ ಹಿಂದೆ ಆರ್ವಿಡ್

ಸ್ವೀಡನ್ನಿನಿಂದ ಬಂದ ಆರ್ವಿಡ್ ಹಾಲ್‌ಬರ್ಗ್ ಹಾಲಿವುಡ್ಡಿನ ಸ್ಟುಡಿಯೋ ಒಂದರಲ್ಲಿ ಬಡಗಿ. ಎಷ್ಟೋ ಚಿತ್ರಗಳಿಗೆ ಬಾಗಿಲು ಮಾಡಿಕೊಟ್ಟಿದ್ದರೂ ಅವುಗಳತ್ತ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಸೆನ್ಸಾರಿನವರು ಪಟ್ಟು ಬಿಗಿಮಾಡಿದರು. ಮುತ್ತು ಉದ್ದವಾಗಕೂಡದು, ಮಂಚದ ಮೇಲೆ ಸರಸ ಕೂಡದು. ಅಂದಿನಿಂದ ನಾಯಕ ನಾಯಕಿ ಕೋಣೆಗೆ ಹೋದರೆ ಕ್ಯಾಮೆರಾ ಹೊರಗೇ ನಿಂತು ಮುಚ್ಚಿದ ಬಾಗಿಲನ್ನು ನೋಡತೊಡಗಿತು. ಆರ್ವಿಡ್‌ನ ಬಾಗಿಲುಗಳಿಗೆ ಶುಕ್ರದೆಸೆ ಬಂತು.

"ಮೆಲ್ಲಗೆ ಮುಚ್ಚಬೇಕಪ್ಪಾ. ಸದ್ದಾದ್ರೆ ಜಗಳ ಆಡ್ಕೊಂಡು ಹೋದ ಹಾಗಿರುತ್ತೆ," ಎಂದ ನಿರ್ದೇಶಕ. ಅದಕ್ಕೆಂದೇ ಆರ್ವಿಡ್ ಒಳಗೆ ಕೂತು ಬಾಗಿಲನ್ನು ಹಗುರವಾಗಿ ದೂಡುತ್ತಿದ್ದ.

ಅಂಥ ಒಂದು ಚಿತ್ರಕ್ಕೆ ಹೆಂಡತಿ ಹಿಲ್ಮಾಳನ್ನೂ ಕರೆದುಕೊಂಡು ಹೋದ. ತೆರೆಯ ಮೇಲೆ ಬಾಗಿಲು ಮುಚ್ಚಿಕೊಂಡಾಗ ಜನ ಪಾಪ್‌ಕಾರ್ನ್ ಜಗಿಯುವುದನ್ನೂ ನಿಲ್ಲಿಸಿದರು. ಒಳಗೇನು ನಡೆದಿದೆಯೋ ಎಂದು ಆರ್ವಿಡ್ ಕೂಡ ಕತ್ತು ಚಾಚಿದ. ಒಳಗಿದ್ದವನು ತಾನೇ ಎಂಬುದು ಆಮೇಲೆ ನೆನಪಾಯಿತು.

ಮನೆಗೆ ಬರುವ ದಾರಿಯಲ್ಲಿ ಹಿಲ್ಮಾ ಬೆನ್ನು ಬಿಡಲಿಲ್ಲ. "ರೀ, ನೀವೇ ಒಳಗಿದ್ರಲ್ಲ. ಅವ್ರಿಬ್ರೂ ಏನ್ ಮಾಡಿದ್ರು, ಹೇಳಿ."

"ಅವಳು ಶೂ ಬಿಚ್ಚಿ ಕಾಲು ನೀವ್ಕೊಂಡ್ಳು. ಅವನು ನನ್ನ ಡಬ್ಬಿ ತೆಗೆದು, ನೀನು ಕಟ್ಟಿಕೊಟ್ಟಿದ್ದ ಉಪ್ಪು ಮೀನು ಪೂರ್ತಿ ತಿಂದು ಹಾಕ್ದ."

"ಅಷ್ಟೇನಾ?"

"ಅಷ್ಟೇ ಕಣೆ."

ಹಿಲ್ಮಾ ಗಂಡನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದಳು. "ಹೋಗ್ಲಿ ಬಿಡಿ. ನೀವೂ ಸೆನ್ಸಾರಿನವ್ರ ಜೊತೆ ಸೇರ್ಕೊಂಡ್ರಿ ಅನ್ನಿ."