ಬೆಳಕು ಬೀಳಬೇಕು, ಬಿಸಿಲು ತಾಗಬಾರದು

ದವಾಖಾನೆಯ ಕಿಟಕಿಯಲ್ಲಿ ಇವತ್ತು ಬಿಳಿ ಪಟ್ಟೆಯ ಉದ್ದೆಲೆಗಳ ಒಂದು ಸ್ಪೈಡರ್ ಪ್ಲಾಂಟ್ ಕಂಡಿತು. ಬಿಸಿಲಿಗೆ ಅದರ ಎಲೆಗಳ ತುದಿಗಳು ಕಂದಿದ್ದವು.

ನಾನು ಚಿಕ್ಕವಳಿದ್ದಾಗ ಇಂಥದೇ ಗಿಡವನ್ನು ಅವ್ವ ಖಾನಾಪುರದ ತವರಿನಿಂದ ತಂದು, ಸದಾಶಿವನಗರದ ನಮ್ಮ ಮನೆಯೊಳಗೆ ಹಳೆಯ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದಳು. ಅವಳು ತೀರಿಕೊಂಡ ಮೇಲೆ ಅಪ್ಪ ಅದನ್ನು ಬಾಗಿಲ ಬಿಸಿಲಿಗೆ ಇಟ್ಟು, ದಿನಾ ತಂಬಿಗೆ ತುಂಬ ನೀರು ಸುರಿಯತೊಡಗಿದರು. ಎಲೆಗಳು ಬಿಳಿಚಿಕೊಂಡವು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ, ಅವ್ವನ ಮಾತನ್ನೂ ಎತ್ತುತ್ತಿರಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನೇ ಹೇಳಿದೆ: "ಅಪ್ಪಾ, ಅವ್ವ ಇದನ್ನ ಬಿಸಿಲಾಗ ಇಡತಿದ್ದಿಲ್ಲ."

ಅಪ್ಪನ ಕೈಯಲ್ಲಿ ತಂಬಿಗೆ ಹಾಗೇ ನಿಂತಿತು. "ಮತ್ತ ಎಲ್ಲಿ ಇಡತಿದ್ದಳು?"

"ಕಿಟಕಿ ಬಾಜೂಕ. ಬೆಳಕ ಬೀಳಬೇಕು, ಬಿಸಿಲ ತಾಗಬಾರದು. ಮಣ್ಣ ಒಣಗಿದ ಮ್ಯಾಲೆ ನೀರು."

ಅಪ್ಪ ಡಬ್ಬಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರು. "ಇನ್ನೇನ ಮಾಡತಿದ್ದಳು, ಹೇಳವಾ," ಎಂದರು.

ಅವ್ವ ಒದ್ದೆ ಬಟ್ಟೆಯಿಂದ ಎಲೆಗಳ ಧೂಳು ಒರೆಸುತ್ತಿದ್ದಳು ಎಂದೆ. ಅಪ್ಪ ತಮ್ಮ ಟವೆಲ್ಲಿನ ಚುಂಗು ತೋಯಿಸಿಕೊಂಡು, ಒಂದೊಂದೇ ಎಲೆ ಒರೆಸುತ್ತಾ ಕೂತುಬಿಟ್ಟರು. ಅವತ್ತು ಅವರು ಆಫೀಸಿಗೆ ಹೋಗಲಿಲ್ಲ. ನಾನೂ ಶಾಲೆಗೆ ಹೋಗಲಿಲ್ಲ.

ಇವತ್ತು ದವಾಖಾನೆಯಲ್ಲಿ ನರ್ಸ್ ನನ್ನ ಹೆಸರು ಹಿಡಿದು ಎಷ್ಟೋ ಸಲ ಕರೆದರಂತೆ. ಕಿಟಕಿಯ ಆ ಗಿಡವನ್ನೇ ನೋಡುತ್ತಾ ಕೂತಿದ್ದ ನನಗೆ ಕೇಳಿಸಿರಲಿಲ್ಲ.